ರಾಗಿ ಪೈರಿನಲ್ಲಿ ಬಿದ್ದ ದಾರಿ

ಕಣ್ಣಾರೆ ಕಂಡೆವು ಎಂದು ಜನ ಬರೆಯುವ ಕಥೆಗಳನ್ನು ಓದಿ ನಾನು ನಕ್ಕಿದ್ದೇ ಹೆಚ್ಚು. ಹುಣಸೆಮರದ ದೆವ್ವವಾಗಲಿ, ಕನಸಿನಲ್ಲಿ ಬಂದು ಬುದ್ಧಿ ಹೇಳುವ ತಾತನಾಗಲಿ ನನ್ನ ಹತ್ತಿರ ಎಂದೂ ಸುಳಿದದ್ದಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಉಪ್ಪು ಯಾವುದು, ಆಮ್ಲ ಯಾವುದು ಎಂದು ತೋರಿಸಿ ಹೊಟ್ಟೆ ಹೊರೆಯುವವನು ನಾನು. ಯಾರಾದರೂ ವಿಚಿತ್ರ ಎಂದರೆ, ಸರಿಯಾಗಿ ನೋಡಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಿದ್ದೆ. ಈಗ ನಾನೇ ಒಂದು ವಿಚಿತ್ರವನ್ನು ಬರೆಯಲು ಕೂತಿದ್ದೇನೆ. ಓದುವವರು ಧಾರಾಳವಾಗಿ ನಗಲಿ, ನಾನು ನಕ್ಕದ್ದಕ್ಕೆ ಅದು ಸರಿಹೋಗುತ್ತದೆ. ಆದರೆ ನಾನು ಸರಿಯಾಗಿ ನೋಡಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ನೋಡುವುದರಲ್ಲಿ ನನ್ನನ್ನು ಮೀರಿಸಿದವರು ಆಗ ಚಾಮರಾಜಪೇಟೆಯಲ್ಲಿ ಇರಲಿಲ್ಲ. ಈ ಜಂಬ ಯಾತಕ್ಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ದಸರಾ ಬಂದರೆ ನಮ್ಮ ಬೀದಿಯ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಿದ್ದರು. ಒಬ್ಬರ ಮನೆಯಲ್ಲಿ ಜಂಬೂಸವಾರಿ, ಇನ್ನೊಬ್ಬರಲ್ಲಿ ಮದುವೆ ದಿಬ್ಬಣ, ಮತ್ತೊಬ್ಬರಲ್ಲಿ ಶೆಟ್ಟರ ಅಂಗಡಿ. ನಮ್ಮ ಮನೆಯಲ್ಲಿ ಮೆಟ್ಟಿಲ ಮೇಲಿನ ಪಟ್ಟದ ಬೊಂಬೆ, ದೇವರು, ಋಷಿಗಳು ಎಲ್ಲ ಅಮ್ಮನ ಸುಪರ್ದಿ. ಮೆಟ್ಟಿಲ ಕೆಳಗಿನ ನೆಲ ಮಾತ್ರ ನನಗೂ ನನ್ನ ಅಣ್ಣ ಶಾಮಣ್ಣನಿಗೂ ಸೇರಿದ್ದು. ಅಲ್ಲಿ ನಾವು ಯುದ್ಧ ಇಡುತ್ತಿದ್ದೆವು. ಇಂಗ್ಲಿಷರು ನಮ್ಮ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದ ಹಳೆಯ ಯುದ್ಧ. ಆ ಕೋಟೆಯ ಉಳಿದ ಗೋಡೆ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಪ್ರತಿ ಕಲ್ಲನ್ನೂ ನೋಡಿ ಬಂದು ಮಾಡುತ್ತಿದ್ದೆವು.

ಸಿಪಾಯಿಗಳು ನನ್ನ ಕೆಲಸ. ಒಬ್ಬೊಬ್ಬನ ಎತ್ತರ ಒಂದು ಕಡಲೆಕಾಯಿ ಬೀಜದಷ್ಟು. ಬಳಪದ ಕಲ್ಲಿನಲ್ಲಿ ಅಚ್ಚು ಕೊರೆದು, ಅವೆನ್ಯೂ ರಸ್ತೆಯ ಮುದ್ರಣಾಲಯದವರು ಸವೆಯಿತೆಂದು ಎಸೆದ ಅಕ್ಷರದ ಮೊಳೆಗಳನ್ನು ಕರಗಿಸಿ ಹೊಯ್ಯುತ್ತಿದ್ದೆ. ಅಳಿಲಿನ ಬಾಲದ ಕೂದಲನ್ನು ಹಕ್ಕಿ ಗರಿಯ ಕೊಳವೆಗೆ ಸೇರಿಸಿ ಕುಂಚ ಮಾಡಿಕೊಂಡಿದ್ದೆ. ಮರದ ಪಟ್ಟಿಯೊಂದರ ಮೇಲೆ ಸಿಪಾಯಿಗಳನ್ನು ಅರಗಿನಿಂದ ಸಾಲಾಗಿ ನಿಲ್ಲಿಸಿ, ಮೊದಲು ಎಲ್ಲರಿಗೂ ಅಂಗಿ, ಅದು ಒಣಗಿದ ಮೇಲೆ ಎಲ್ಲರಿಗೂ ಸೊಂಟಪಟ್ಟಿ, ಆಮೇಲೆ ಟೋಪಿ, ಕೊನೆಗೆ ಕೋವಿ. ಕೋಟೆಯೊಳಗಿನ ನಮ್ಮ ಸಿಪಾಯಿಗಳ ನೇರಳೆ ಅಂಗಿಯ ಮೇಲೆ ಬಿಳಿಯ ಹುಲಿಪಟ್ಟೆ ಬರಬೇಕು. ಕಡಲೆಬೀಜದ ಮೇಲೆ ಹುಲಿಪಟ್ಟೆ ಬರೆದು ನೋಡಿ, ಆಮೇಲೆ ನನ್ನ ಜಂಬದ ಬಗ್ಗೆ ಮಾತಾಡಿ. ಕಣ್ಣು ನಾನು ಬರೆಯುತ್ತಿರಲಿಲ್ಲ. ಅಷ್ಟು ಸಣ್ಣ ಮುಖಕ್ಕೆ ಕಣ್ಣು ಬರೆದರೆ ಸಿಪಾಯಿ ಗೂಬೆಯಾಗುತ್ತಾನೆ. ಟೋಪಿಯ ಕೆಳಗೆ ಒಂದು ತೆಳು ನೆರಳು ಎಳೆದರೆ ಸಾಕು, ಅವನು ನಿಮ್ಮನ್ನೇ ನೋಡುತ್ತಾನೆ.

ನೆಲ ಶಾಮಣ್ಣನದು. ಅಟ್ಟದ ಮೇಲಿದ್ದ ಒಂದು ಹಳೆಯ ಬಾಗಿಲನ್ನು ಇಳಿಸಿ, ಅದರ ಮೇಲೆ ಕೆರೆಮಣ್ಣು, ಸಗಣಿ, ಹೊಟ್ಟು ಕಲಸಿ ಹಾಸುತ್ತಿದ್ದ. ಕೋಟೆ ಎಬ್ಬಿಸಿ, ಕಂದಕ ತೋಡಿ, ಒಡೆದ ಕನ್ನಡಿಯ ಚೂರಿನಿಂದ ಕೆರೆ ಮಾಡುತ್ತಿದ್ದ. ಉಳಿದ ಬಯಲಿಗೆಲ್ಲ ನೆನೆಸಿದ ರಾಗಿ ಬಿತ್ತಿ ಒದ್ದೆ ಗೋಣಿ ಹೊದಿಸುತ್ತಿದ್ದ. ಹಬ್ಬದ ಹೊತ್ತಿಗೆ ಪೈರು ಬಂದರೆ ಕತ್ತರಿಯಿಂದ ಸಿಪಾಯಿಯ ಸೊಂಟದ ಮಟ್ಟಕ್ಕೆ ಸಮ ಮಾಡುವುದು. ಗೋಣಿಯನ್ನು ಮಹಾಲಯ ಅಮಾವಾಸ್ಯೆಯ ಬೆಳಗಿನವರೆಗೆ ಎತ್ತಬಾರದು, ಮೇಲಿಂದಲೇ ನೀರು ಚಿಮುಕಿಸಬೇಕು. ಕದ್ದು ನೋಡಿದರೆ ಪೈರು ಸಮ ಬರುವುದಿಲ್ಲ ಎಂಬುದು ಅವನ ಕಟ್ಟಪ್ಪಣೆ. ನಮ್ಮಿಬ್ಬರ ಯುದ್ಧ ನೋಡಲು ಬಸವನಗುಡಿಯಿಂದ, ಮಲ್ಲೇಶ್ವರದಿಂದ ಜನ ಬರುತ್ತಿದ್ದರು. ಎಷ್ಟೋ ದೊಡ್ಡ ಮನುಷ್ಯರು ಪಂಚೆ ಮೇಲೆ ಕಟ್ಟಿ ನಮ್ಮ ಪಡಸಾಲೆಯಲ್ಲಿ ಮಂಡಿಯೂರಿದ್ದಾರೆ.

ಆಮೇಲೆ ನಿಜವಾದ ಯುದ್ಧ ಬಂತು. ಶಾಮಣ್ಣ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿ ಸಿಂಗಪುರಕ್ಕೆ ಹೋದ. ಸಿಂಗಪುರ ಬಿತ್ತು ಎಂಬ ಸುದ್ದಿ ಬಂತು, ಅವನ ಸುದ್ದಿ ಬರಲಿಲ್ಲ. ಆ ವರ್ಷಗಳಲ್ಲಿ ಅಮ್ಮ ಮೆಟ್ಟಿಲ ಬೊಂಬೆಗಳನ್ನು ಕೂರಿಸುತ್ತಿದ್ದಳು, ಕೆಳಗಿನ ನೆಲ ಖಾಲಿ ಬಿಡುತ್ತಿದ್ದಳು. ನನ್ನ ಸಿಪಾಯಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿದ್ದರು.

ಯುದ್ಧ ಮುಗಿದ ವರ್ಷ ಒಬ್ಬೊಬ್ಬರೇ ಹಿಂತಿರುಗತೊಡಗಿದರು. ಶಾಮಣ್ಣನ ಜೊತೆ ಉಗ್ರಾಣದಲ್ಲಿದ್ದ ಹಲಸೂರಿನ ಒಬ್ಬರು ಮನೆಗೆ ಬಂದು, ಸೆರೆಯಾದವರನ್ನು ತುಂಬಿಸಿಕೊಂಡು ಹೋದ ಹಡಗು ಮುಳುಗಿತೆಂದೂ ಅದರಲ್ಲಿ ಶಾಮಣ್ಣ ಇದ್ದನೆಂದೂ ಹೇಳಿದರು. ಹತ್ತುವುದನ್ನು ನೋಡಿದಿರಾ ಎಂದು ಅಮ್ಮ ಕೇಳಿದಳು. ಆ ಗುಂಪಿನಲ್ಲಿ ನಿಂತದ್ದನ್ನು ನೋಡಿದೆ ಎಂದರು. ಅವರು ಹೋದ ಮೇಲೆ ಅಪ್ಪ ಗೋಡೆಗೆ ಒರಗಿ ಕೂತವರು ಊಟಕ್ಕೂ ಏಳಲಿಲ್ಲ.

ಮಲ್ಲೇಶ್ವರದಲ್ಲಿದ್ದ ದೊಡ್ಡಪ್ಪ ಬಂದು, ಪಿತೃಪಕ್ಷ ಹತ್ತಿರ ಬಂತು, ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಜೊತೆ ಹುಡುಗನ ಹೆಸರನ್ನೂ ಹೇಳಿ ಎಳ್ಳುನೀರು ಬಿಡಬೇಕು, ಇಲ್ಲದಿದ್ದರೆ ಅವನು ನೀರಿಲ್ಲದೆ ಅಲೆಯುತ್ತಾನೆ ಎಂದರು. ಅವರು ಕೆಟ್ಟವರಲ್ಲ, ಶಾಮಣ್ಣನನ್ನು ಹೆಗಲ ಮೇಲೆ ಹೊತ್ತು ಕೋಟೆ ತೋರಿಸಿದವರೇ ಅವರು. ಅಪ್ಪ ತಲೆಯಾಡಿಸಿದರು. ಎಳ್ಳುನೀರು ಬಿಟ್ಟ ಮೇಲೆ ಆ ವರ್ಷ ಹಬ್ಬವಿಲ್ಲ, ಬೊಂಬೆಯೂ ಇಲ್ಲ. ಬೊಂಬೆ ಕೂರಿಸಿದರೆ ಮಗ ಇದ್ದಾನೆಂದು ಅರ್ಥ, ಕೂರಿಸದಿದ್ದರೆ ಇಲ್ಲವೆಂದು ಅರ್ಥ. ನಮ್ಮ ಮನೆಯ ಪ್ರಶ್ನೆ ಅಷ್ಟಕ್ಕೆ ಬಂದು ನಿಂತಿತ್ತು.

ಅಮ್ಮ ಯಾರೊಂದಿಗೂ ವಾದ ಮಾಡಲಿಲ್ಲ. ಅಡಿಗೆಮನೆಯಿಂದ ಒಂದು ಬಟ್ಟಲು ರಾಗಿ ತಂದು ನನ್ನ ಮುಂದಿಟ್ಟಳು.

"ಈ ಸಲ ಯುದ್ಧಾನೂ ಇಡು. ಶಾಮನ ನೆಲ ಬೇಕು ನಂಗೆ."

ಪಕ್ಷದಲ್ಲಿ ಯಾರಾದರೂ ಬೀಜ ಬಿತ್ತುತ್ತಾರೆಯೇ ಎಂದು ದೊಡ್ಡಪ್ಪ ಗೊಣಗಿದರು. ಅಮ್ಮ ಕೇಳಿಸದವಳಂತೆ ಒಳಗೆ ಹೋದಳು.

ನಾನು ಅದುವರೆಗೆ ನೆಲ ಮಾಡಿದವನಲ್ಲ, ಮಾಡುವುದನ್ನು ನೋಡಿದವನು. ಆದರೂ ಬಾಗಿಲು ಇಳಿಸಿ, ಹಿತ್ತಲಿನ ಜಗಲಿಯ ಮೇಲೆ ಇಟ್ಟಿಗೆಯ ಕಾಲು ಕೊಟ್ಟು ಹಾಸಿದೆ. ಕೆಂಪಾಂಬುಧಿ ಕೆರೆಯಿಂದ ಮಣ್ಣು ಹೊತ್ತು ತಂದೆ. ಕೋಟೆ ನನ್ನ ಕೈಯಲ್ಲಿ ಶಾಮಣ್ಣನ ಕೋಟೆಗಿಂತ ನೆಟ್ಟಗೆ ಬಂತು. ಇದನ್ನು ಅವನ ಮುಂದೆಯೂ ಹೇಳಿದ್ದೇನೆ. ಒಂದು ಬದಲಾವಣೆಯನ್ನು ಮಾತ್ರ ಬೇಕೆಂದೇ ಮಾಡಿದೆ. ಶಾಮಣ್ಣ ಪ್ರತಿ ವರ್ಷ ಬಿತ್ತಿದ ರಾಗಿಯನ್ನು ಅಲ್ಲಲ್ಲಿ ಬೆರಳಿನಿಂದ ಸರಿಸಿ ತೋಪು ಎಳೆಯುವ ದಾರಿ ಬಿಡುತ್ತಿದ್ದ. ಈ ಸಲ ಸಿಪಾಯಿಗಳು ಎದೆಮಟ್ಟದ ಹೊಲದೊಳಗಿಂದ ಮುನ್ನುಗ್ಗಿ ಬರಬೇಕು ಎಂಬುದು ನನ್ನ ಯೋಚನೆ. ಆದ್ದರಿಂದ ಒಂದು ಕೂದಲೆಳೆಯಷ್ಟು ದಾರಿಯನ್ನೂ ಬಿಡದೆ, ಬಾಗಿಲಿನ ಅಂಚಿನಿಂದ ಕಂದಕದವರೆಗೆ, ಇತ್ತ ಕನ್ನಡಿ ಕೆರೆಯವರೆಗೆ, ಒತ್ತಾಗಿ ಬಿತ್ತಿದೆ. ಬಿತ್ತಿದ್ದು ನಾನೇ, ಗೋಣಿ ಹೊದಿಸಿದ್ದೂ ನಾನೇ. ಅಣ್ಣನ ಅಪ್ಪಣೆಯಂತೆ ಒಮ್ಮೆಯೂ ಎತ್ತಿ ನೋಡಲಿಲ್ಲ.

ಅಮಾವಾಸ್ಯೆಯ ಬೆಳಗಾಯಿತು. ನಡುಮನೆಯಲ್ಲಿ ಪುರೋಹಿತರು ದರ್ಭೆ, ಎಳ್ಳು ಹೊಂದಿಸುತ್ತಿದ್ದರು. ಅಪ್ಪ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ದೊಡ್ಡಪ್ಪ. ಎಳ್ಳುನೀರು ಬಿಡುವುದೋ ಬೇಡವೋ ಎಂಬ ಮಾತು ಮುಗಿದುಹೋಗಿತ್ತು. ಅಮ್ಮ ಒಲೆಯ ಮುಂದೆ ಕಲ್ಲಿನಂತೆ ಕೂತಿದ್ದಳು. ನನಗೆ ಒಳಗೆ ನಿಲ್ಲಲಾಗದೆ ಹಿತ್ತಲಿಗೆ ಬಂದು, ಮಾಡಲು ಬೇರೇನೂ ಇಲ್ಲದೆ, ಗೋಣಿ ಎತ್ತಿದೆ.

ಪೈರು ಸೊಗಸಾಗಿ ಬಂದಿತ್ತು. ಬೆಳಕು ಕಾಣದ ಪೈರು ತೆಳು ಹಳದಿ, ಬಿಸಿಲು ಬಿದ್ದ ಮೇಲೆ ಹಸಿರಾಗುತ್ತದೆ. ಆ ಹಳದಿಯ ನಡುವೆ ಒಂದು ದಾರಿ ಇತ್ತು.

ಬೆರಳಗಲದ ಬೋಳು ದಾರಿ. ಹಿತ್ತಲ ಬಾಗಿಲಿನ ಕಡೆಯ ಅಂಚಿನಿಂದ ಹೊರಟು, ಸ್ವಲ್ಪ ನೇರ ಹೋಗಿ, ಎಡಕ್ಕೆ ಬಾಗಿ, ಅಲ್ಲಿ ಏನನ್ನೋ ಬಳಸಿ ಹೋಗುವಂತೆ ಒಂದು ಅರ್ಧ ಸುತ್ತು ಸುತ್ತಿ, ಆಮೇಲೆ ಬಲಕ್ಕೆ ಇಳಿದು ಕನ್ನಡಿ ಕೆರೆಯ ದಂಡೆ ಮುಟ್ಟಿತ್ತು. ಬಳಸಿ ಹೋದ ಜಾಗದಲ್ಲಿ ಏನೂ ಇರಲಿಲ್ಲ, ಬರೀ ಪೈರು. ದಾರಿಯ ಎರಡು ಅಂಚುಗಳು ಕತ್ತರಿಸಿದಷ್ಟು ಸ್ಪಷ್ಟವಾಗಿದ್ದವು. ಕೋಟೆಯ ಕಡೆಗೆ ಅದು ತಲೆಯನ್ನೂ ಹಾಕಿರಲಿಲ್ಲ.

ಇಲಿ ಎಂದುಕೊಂಡೆ. ಬಗ್ಗಿ ನೋಡಿದರೆ ರಾಗಿ ಕಾಳುಗಳು ದಾರಿಯ ಉದ್ದಕ್ಕೂ ಇದ್ದ ಹಾಗೇ ಇದ್ದವು, ನೀರು ಕುಡಿದು ಉಬ್ಬಿ, ಮೊಳೆಯದೆ. ತಿನ್ನದೆ ಹೋಗುವ ಇಲಿಯನ್ನು ನಾನು ಕಂಡಿಲ್ಲ. ಇರುವೆಯೂ ಇರಲಿಲ್ಲ. ಬಣ್ಣದ ಎಣ್ಣೆ ಚೆಲ್ಲಿತೇ ಎಂದು ಮೂಸಿ ನೋಡಿದೆ. ಬರೀ ಮಣ್ಣಿನ ವಾಸನೆ. ಹೋಗಿ ಅಮ್ಮನನ್ನು ಕರೆದೆ.

ಅಮ್ಮ ಬಂದು ನೋಡಿದಳು. ನಾನು ಬಿಟ್ಟದ್ದಲ್ಲ ಎಂದೆ. ಅವಳು ದಾರಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ, ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದಳು. ಆಮೇಲೆ ನೇರವಾಗಿ ನಡುಮನೆಗೆ ಹೋದಳು. ಶ್ರಾದ್ಧದ ಮನೆಯಲ್ಲಿ ಕರ್ಮ ಶುರುವಾದ ಮೇಲೆ ಹೆಂಗಸರು ಹಾಗೆ ಬಂದು ನಿಲ್ಲುವುದಿಲ್ಲ. ಅಮ್ಮ ಬಂದು ಅಪ್ಪನ ಎದುರಿಗೇ ನಿಂತಳು.

"ಅವನ ಹೆಸರು ಎತ್ಬೇಡಿ," ಎಂದಳು.

ಪುರೋಹಿತರು ಮಂತ್ರ ನಿಲ್ಲಿಸಿದರು. ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದರು. ಬಂದವರು ಮೆತ್ತಗೆ, "ಇಲಿ ಓಡಾಡಿದೆ ಕಣಮ್ಮಾ," ಎಂದರು.

"ಇಲೀನೇ ಆಗ್ಲಿ ಭಾವಾ. ಬರೋಕೆ ದಾರಿ ಇದೆಯಲ್ಲ, ಅಷ್ಟು ಸಾಕು ನಂಗೆ."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಅಳಲಿಲ್ಲ, ದನಿ ಎತ್ತಲಿಲ್ಲ. ನನ್ನ ಅಮ್ಮ ಶಾಲೆಯ ಮುಖ ಕಂಡವಳಲ್ಲ, ಗಂಡನ ಮಾತಿಗೆ ಎದುರಾಡಿದವಳಲ್ಲ. ಅಂದು ಮನೆ ತುಂಬ ಇದ್ದ ಗಂಡಸರ ಮುಂದೆ ಅವಳು ನಿಂತ ರೀತಿಯನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಕರ್ಮ ಮುಂದುವರಿಯಿತು. ಮುತ್ತಾತ, ತಾತ, ಅಜ್ಜಿ, ತೀರಿಕೊಂಡ ಅತ್ತೆ, ಎಲ್ಲರ ಹೆಸರೂ ಬಂತು. ಆಮೇಲೆ ಪುರೋಹಿತರು ಅಪ್ಪನ ಮುಖ ನೋಡಿದರು. ಅಪ್ಪ ಎಳ್ಳು ಹಿಡಿದ ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿಕೊಂಡು, ಮುಂದೆ ಹೇಳಿ ಎಂದರು.

ನಾನು ಪ್ರಯೋಗಶಾಲೆಯವನು, ಸುಮ್ಮನೆ ಬಿಡಲಿಲ್ಲ. ಅಂದು ಮಧ್ಯಾಹ್ನವೇ ದಾರಿಯ ಅಂಚಿನಿಂದ ಒಂದು ಚಿಟಿಕೆ ಮಣ್ಣನ್ನು, ಅದರಲ್ಲಿದ್ದ ಕಾಳಿನ ಸಮೇತ, ತೆಂಗಿನ ಚಿಪ್ಪಿಗೆ ಹಾಕಿ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಬಾಗಿಲಿನ ಮೇಲೆ ಮೊಳೆಯದ ಅದೇ ಕಾಳು ಚಿಪ್ಪಿನಲ್ಲಿ ದಟ್ಟವಾಗಿ ಮೊಳೆಯಿತು. ಮಣ್ಣಿನಲ್ಲಿ ದೋಷವಿಲ್ಲ, ಕಾಳಿನಲ್ಲಿ ದೋಷವಿಲ್ಲ. ದಾರಿಯಲ್ಲಿ ಉಳಿದ ಕಾಳುಗಳು ಮಾತ್ರ ವಿಜಯದಶಮಿಯವರೆಗೂ ಹಾಗೇ ಇದ್ದವು.

ಬಾಗಿಲಿನ ಹಲಗೆಯನ್ನು ಪಡಸಾಲೆಗೆ ತಂದು ಬೊಂಬೆ ಕೂರಿಸಿದೆವು. ಡಬ್ಬಿಯಿಂದ ಸಿಪಾಯಿಗಳನ್ನು ತೆಗೆದು, ಇಂಗ್ಲಿಷರ ಅಂಗಿಯ ಮಾಸಿದ ಕೆಂಪನ್ನು ಹೊಸದು ಮಾಡಿ, ಪೈರು ಕತ್ತರಿಸಿ, ಒಬ್ಬೊಬ್ಬರನ್ನೇ ಚಿಮಟದಿಂದ ನಿಲ್ಲಿಸಿದೆ. ದಾರಿಯ ಮೇಲೆ ಯಾರನ್ನೂ ನಿಲ್ಲಿಸಲಿಲ್ಲ. ಆ ವರ್ಷ ಬಂದಷ್ಟು ಜನ ಯಾವತ್ತೂ ಬಂದಿರಲಿಲ್ಲ. ಮೊದಲು, ಮಗ ಹೋದ ಮನೆಯಲ್ಲಿ ಇದೆಂಥ ಸಡಗರ ಎಂದು ಬೀದಿಯಲ್ಲಿ ಪಿಸುಮಾತಾಡಿದವರೂ ಬಂದರು, ಬಂದು ಮಂಡಿಯೂರಿದರು. ಹುಲಿಪಟ್ಟೆ ನೋಡಿ ಭೂತಗನ್ನಡಿ ಕೇಳಿದರು. ಬಸವನಗುಡಿಯ ನಿವೃತ್ತ ಇಂಜಿನಿಯರೊಬ್ಬರು ಬಹಳ ಹೊತ್ತು ನೋಡಿ, ಎಲ್ಲಕ್ಕಿಂತ ಈ ಕಾಲುದಾರಿ ಸಹಜವಾಗಿದೆ, ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದರು. ಇಡೀ ಹಲಗೆಯಲ್ಲಿ ನಾನು ಮಾಡದೇ ಇದ್ದದ್ದು ಅದೊಂದೇ. ಅದಕ್ಕೇ ಹೊಗಳಿಕೆ! ಪಾನಕ ತರುತ್ತೇನೆಂದು ಎದ್ದುಹೋದೆ.

ವಿಜಯದಶಮಿಯ ಸಂಜೆ ಅಮ್ಮ ಪಟ್ಟದ ಬೊಂಬೆಗಳನ್ನು ಮಲಗಿಸಿದಳು. ಮಾರನೆಯ ದಿನ ಪದ್ಧತಿಯಂತೆ ಪೈರನ್ನು ಮಣ್ಣಿನ ಸಮೇತ ಕೆರೆಗೆ ಬಿಟ್ಟು, ಬಾಗಿಲನ್ನು ತಿಕ್ಕಿ ತೊಳೆದು ಅಟ್ಟಕ್ಕೆ ಏರಿಸಿದೆ. ಒಂದು ರಾಗಿ ಕಾಳೂ ಉಳಿಯಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ, ಬಾಗಿಲಲ್ಲಿ ಜಟಕಾ ನಿಂತು, ಶಾಮಣ್ಣ ಇಳಿದ. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅಮ್ಮನಿಗೆ ಬೇಕಾಗಲಿಲ್ಲ. ಹಲಸೂರಿನವರು ನೋಡಿದ ಗುಂಪಿನಿಂದ ಕೆಲವರನ್ನು ಕೊನೆಗಳಿಗೆಯಲ್ಲಿ ಬೇರೆ ಹಡಗಿಗೆ ಹತ್ತಿಸಿದ್ದರಂತೆ. ಯಾವುದೋ ದ್ವೀಪದ ಕಾಡಿನಲ್ಲಿ ಸೆರೆ ಇಟ್ಟಿದ್ದರಂತೆ. ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಒಂದು ಅಭ್ಯಾಸ ಮಾತ್ರ ಹೊಸದಾಗಿತ್ತು. ಕುಡಿದು ಚೊಂಬಿನಲ್ಲಿ ಉಳಿದ ನೀರನ್ನು ಅವನು ಚೆಲ್ಲುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಗಿಡಕ್ಕೇ ಹಾಕುತ್ತಿದ್ದ. ಬೇರೆಯವರು ಚೆಲ್ಲಿದರೆ ಮುಖ ಆಚೆ ತಿರುಗಿಸುತ್ತಿದ್ದ.

ಬಂದ ದಿನವೇ ಅಮ್ಮ ನಮ್ಮನ್ನು ಅಡಿಗೆಮನೆಗೆ ಕರೆದು, ಬದುಕಿರುವವನ ಮುಂದೆ ಎಳ್ಳುನೀರಿನ ಮಾತು ಆಡಬಾರದು, ಅಮಾವಾಸ್ಯೆಯ ದಿನದ ಯಾವುದನ್ನೂ ಅವನಿಗೆ ಹೇಳಕೂಡದು ಎಂದು ಅಪ್ಪನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡಳು. ದೊಡ್ಡಪ್ಪನಂತೂ ನಾಚಿಕೆಯಿಂದ ಬಾಯಿ ಬಿಡುವ ಹಾಗಿರಲಿಲ್ಲ. ಶಾಮಣ್ಣನ ಕೈ ಹಿಡಿದುಕೊಂಡು ಕೂತಿದ್ದು ಎದ್ದುಹೋದರು.

ಮುಂದಿನ ದಸರಾ ಬಂತು. ಕೇಳದೆಯೇ ಶಾಮಣ್ಣ ಅಟ್ಟ ಹತ್ತಿ ಬಾಗಿಲು ಇಳಿಸಿದ. ಮಣ್ಣು ಕಲಸಿದ, ಕೋಟೆ ಎಬ್ಬಿಸಿದ, ಕನ್ನಡಿ ಕೂರಿಸಿದ. ನಾನು ಪಕ್ಕದಲ್ಲಿ ಕೂತು ಅಂಗಿಗಳಿಗೆ ಬಣ್ಣ ಹಚ್ಚುತ್ತಿದ್ದೆ. ರಾಗಿ ಬಿತ್ತಿದ. ಬಿತ್ತಿ ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ನೋಡಿದ. ಆಮೇಲೆ ತೋರುಬೆರಳನ್ನು ಹಿತ್ತಲ ಕಡೆಯ ಅಂಚಿನಲ್ಲಿ ಇಟ್ಟು ಕಾಳು ಸರಿಸುತ್ತಾ ಹೊರಟ. ಸ್ವಲ್ಪ ನೇರ ಹೋಯಿತು ಬೆರಳು. ಎಡಕ್ಕೆ ಬಾಗಿತು. ಏನೂ ಇಲ್ಲದ ಜಾಗವನ್ನು ಅರ್ಧ ಸುತ್ತು ಸುತ್ತಿತು. ಬಲಕ್ಕೆ ಇಳಿದು ಕನ್ನಡಿಯ ದಂಡೆಯಲ್ಲಿ ನಿಂತಿತು.

ನನ್ನ ಕುಂಚ ಗಾಳಿಯಲ್ಲೇ ಉಳಿಯಿತು. ಬೆರಳು ಬಳಸಿದ ಜಾಗದ ಕಾಳುಗಳನ್ನು ಅವನು ಚಮಚದಿಂದ ತೆಗೆದು, ಅಲ್ಲಿ ಸೌದೆಯ ಒಂದು ದಪ್ಪ ಚೂರನ್ನು ನೆಟ್ಟ. ಕಡಲೆಬೀಜದ ಸಿಪಾಯಿಗೆ ಅದು ಬಹು ದೊಡ್ಡ ಮರದ ಬುಡ.

"ಸಿಪಾಯಿ ಸಾಕು," ಎಂದ ನನಗೆ. "ಒಬ್ಬನ್ನ ಬೇರೆ ಥರ ಮಾಡ್ಕೊಡು. ಅಂಗಿ ಬೇಡ, ಕೋವಿ ಬೇಡ. ಹೆಗಲ ಮೇಲೆ ಬಿದಿರುಕೋಲು, ಎರಡು ಕಡೆ ಡಬ್ಬ."

ಯಾರು ಅವನು ಎಂದು ಕೇಳಿದೆ.

"ಕಾಡಲ್ಲಿ ನೀರು ಹೊರೋನು. ಸುಮ್ನೆ ಬಣ್ಣ ಹಚ್ಚೋ."

ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕು ಎಂಬುದು ಹಬ್ಬದ ನಿಯಮ. ಆ ವರ್ಷದ ಹೊಸ ಬೊಂಬೆ ಅವನು. ಒಬ್ಬ ಸಿಪಾಯಿಯ ಕೋವಿ ಕತ್ತರಿಸಿ, ಟೋಪಿ ಉಜ್ಜಿ ತೆಗೆದು, ಹೆಗಲಿಗೆ ತಂತಿ ಬೆಸೆದೆ. ಸಾಸಿವೆಗಿಂತ ತುಸು ದೊಡ್ಡ ಎರಡು ಡಬ್ಬ. ಬಿಸಿಲಿಗೆ ಸುಟ್ಟ ಮೈಬಣ್ಣಕ್ಕೆ ಕಾವಿಯನ್ನೂ ಕಪ್ಪನ್ನೂ ಎಷ್ಟು ಸಲ ಬೆರೆಸಿದೆನೋ. ಡಬ್ಬದ ಬಾಯಿಗೆ ಒಂದೊಂದು ಬಿಳಿಯ ಚುಕ್ಕೆ ಇಟ್ಟೆ, ನೀರು ಹೊಳೆದಂತೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾದ ಬೊಂಬೆ ಮಾಡಿಲ್ಲ. ಅದನ್ನು ಮರದ ಬುಡ ಬಳಸುವ ತಿರುವಿನಲ್ಲಿ, ಕೆರೆಗೆ ಮುಖ ಮಾಡಿ ನಿಲ್ಲಿಸಿದೆ. ಶಾಮಣ್ಣ ಚಿಮಟ ತೆಗೆದುಕೊಂಡು ಮೆಲ್ಲಗೆ ಅದನ್ನು ಹಿಂದಕ್ಕೆ, ಹಿತ್ತಲ ಬಾಗಿಲಿನ ಕಡೆಗೆ ತಿರುಗಿಸಿದ. ಡಬ್ಬ ತುಂಬಿದೆಯಲ್ಲ ಎಂದ.

ಯಾರೂ ಅವನಿಗೆ ಹೇಳಿರಲಿಲ್ಲ. ಅಪ್ಪನನ್ನು ಕೇಳಿದೆ, ಅಮ್ಮನನ್ನು ಕೇಳಿದೆ, ಹೇಳಿಲ್ಲ ಎಂದರು. ನೋಡಲು ಬಂದವರಲ್ಲಿ ಯಾರಾದರೂ ದಾರಿ ಚೆನ್ನಾಗಿತ್ತು ಎಂದು ಹೇಳಿರಬಹುದು. ಆದರೆ ಎಲ್ಲಿ ಬಾಗಿತು, ಎಲ್ಲಿ ಸುತ್ತಿತು ಎಂದು ಯಾರು ಹೇಳುತ್ತಾರೆ? ನನ್ನ ಹಾಗೆ ಅದನ್ನು ನೋಡಿದವರೇ ಇಲ್ಲ. ಎರಡು ದಾರಿಗಳೂ ಬೇರೆ ಬೇರೆ, ನನಗೆ ಒಂದೇ ಎನಿಸಿತು ಎಂದು ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ಹಾಗೆ ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ. ಆದರೆ ಅದಕ್ಕೆ ನಾನು ನನ್ನ ಕಣ್ಣನ್ನೇ ಸುಳ್ಳೆನ್ನಬೇಕು, ಕಡಲೆಬೀಜದ ಮೇಲೆ ಹುಲಿಪಟ್ಟೆ ಬರೆದ ಕಣ್ಣನ್ನು. ಅದು ನನ್ನಿಂದಾಗದು. ಅಣ್ಣನನ್ನೇ ಕೇಳಬಹುದಿತ್ತು. ಅಮ್ಮನಿಗೆ ಕೊಟ್ಟ ಮಾತು ಅಡ್ಡ ಬಂತು, ಈಗಲೂ ಅಡ್ಡ ನಿಂತಿದೆ.

ಆ ವರ್ಷ ವಿಜಯದಶಮಿಯ ಸಂಜೆ, ಅಮ್ಮ ಪಟ್ಟದ ಬೊಂಬೆಗಳನ್ನು ಮಲಗಿಸಿ ಆರತಿ ಎತ್ತಿದ ಮೇಲೆ, ಯಾವತ್ತೂ ಮಾಡದ ಒಂದು ಕೆಲಸ ಮಾಡಿದಳು. ಸೆರಗು ಸಿಕ್ಕಿಸಿಕೊಂಡು ನನ್ನ ಹಲಗೆಯ ಮುಂದೆ ಕೂತು, ಸಿಪಾಯಿಗಳ ಕಡೆ ನೋಡದೆ, ಆ ನೀರು ಹೊರುವವನನ್ನು ಎರಡು ಬೆರಳಲ್ಲಿ ಎತ್ತಿ ದಾರಿಯ ಮೇಲೇ ಮೆಲ್ಲಗೆ ಒರಗಿಸಿದಳು.

"ಮಲಕ್ಕೋ," ಎಂದಳು. "ಹೊತ್ತಿದ್ದು ಸಾಕು."

ಶಾಮಣ್ಣ ಬಾಗಿಲಲ್ಲೇ ನಿಂತಿದ್ದ. ಆ ಬೊಂಬೆ ಅವನೇ ಎಂದು ಅಮ್ಮನಿಗೆ ಹೇಗೆ ತಿಳಿಯಿತೋ ನಾನು ಕೇಳಲಿಲ್ಲ. ಈಗಲೂ ಪ್ರತಿ ವರ್ಷ ಅವಳೇ ಅವನನ್ನು ಮಲಗಿಸುತ್ತಾಳೆ.